ಬೀದಿಯ ಪಟವೂ ಎರಡನೆಯ ನೋಟವೂ

1838ನೆಯ ಇಸವಿಯ ಒಂದು ಬೆಳಗ್ಗೆ, ಪ್ಯಾರಿಸ್ ನಗರದ ಬುಲೆವಾರ್ ದ್ಯು ಟಾಂಪ್ಲ್ ಎಂಬ ಸಾಲುಮರಗಳ ವಿಶಾಲವಾದ ಬೀದಿಯ ಅಂಚಿನಲ್ಲಿ, ಹೆಸರಾಗಲಿ ಊರಾಗಲಿ ಯಾರಿಗೂ ತಿಳಿಯದ ಒಬ್ಬ ಮನುಷ್ಯನು ತನ್ನ ಬೂಟಿಗೆ ಪಾಲಿಷ್ ಹಾಕಿಸಿಕೊಳ್ಳಲು ನಿಂತನು. ಒಂದು ಕಾಲನ್ನು ನೆಲದ ಮೇಲೂ ಇನ್ನೊಂದನ್ನು ಪಾಲಿಷಿನವನ ಪೆಟ್ಟಿಗೆಯ ಮೇಲೂ ಇಟ್ಟು, ಕೆಲವು ನಿಮಿಷಗಳ ಕಾಲ ಕದಲದೆ ನಿಂತಿದ್ದು, ಕೆಲಸ ಮುಗಿದೊಡನೆ ಕಾಸು ಕೊಟ್ಟು ತನ್ನ ದಾರಿ ಹಿಡಿದಿರಬೇಕು. ಅಂದಿನಿಂದ ಇಂದಿನವರೆಗೆ ಭೂಮಂಡಲದಲ್ಲಿ ತೆಗೆದ ಕೋಟ್ಯನುಕೋಟಿ ಛಾಯಾಚಿತ್ರಗಳಲ್ಲಿ ಕಾಣಿಸಿಕೊಂಡ ಮನುಷ್ಯರ ಕೊನೆಯಿಲ್ಲದ ಸಾಲಿಗೆ, ಉಳಿದುಬಂದ ಪಟಗಳ ಮಟ್ಟಿಗೆ ಹೇಳುವುದಾದರೆ, ತಾನೇ ಮೊದಲಿಗನಾದೆನೆಂಬುದನ್ನು ಅವನು ಎಂದಾದರೂ ಅರಿತನೆಂದು ನಂಬಲು ಯಾವ ಆಧಾರವೂ ಇಲ್ಲ.

ಅದೇ ಹೊತ್ತಿಗೆ ಸಮೀಪದ ಕಟ್ಟಡವೊಂದರ ಎತ್ತರದ ಕಿಟಕಿಯಲ್ಲಿ ಲೂಯಿ ದಾಗೇರ್ ಎಂಬ ಚಿತ್ರಕಾರನು ತನ್ನ ಮಸೂರದ ಪೆಟ್ಟಿಗೆಯನ್ನು ಬೀದಿಯ ಕಡೆಗೆ ತಿರುಗಿಸಿಟ್ಟಿದ್ದನು. ಬೆಳಕಿನ ಕೌಶಲದಿಂದ ದೊಡ್ಡ ಪರದೆಯ ಚಿತ್ರಗಳಿಗೆ ಜೀವ ಬಂದಂತೆ ತೋರಿಸುವ ದಿಯೋರಾಮ ಎಂಬ ಪ್ರದರ್ಶನಶಾಲೆಯ ಒಡೆಯನಾಗಿದ್ದ ಆತನು, ಬೆಳಕು ತಾನೇ ಚಿತ್ರ ಬರೆಯುವಂತೆ ಮಾಡಬೇಕೆಂಬ ಹಂಬಲದಲ್ಲಿ ಹಲವು ವರ್ಷಗಳನ್ನು ಕಳೆದಿದ್ದನು. ಬೆಳ್ಳಿಯ ಲೇಪವಿದ್ದ ತಾಮ್ರದ ತಗಡನ್ನು ಕನ್ನಡಿಯಾಗುವಂತೆ ಉಜ್ಜಿ, ಅಯೋಡಿನ್ನಿನ ಆವಿಗೆ ಹಿಡಿದು, ಪೆಟ್ಟಿಗೆಯಲ್ಲಿಟ್ಟು ಬೆಳಕಿಗೆ ತೆರೆದರೆ, ಹೊರತೆಗೆದಾಗ ಬರಿಗಣ್ಣಿಗೆ ಏನೊಂದೂ ಕಾಣುತ್ತಿರಲಿಲ್ಲ; ಆ ಬರಿದಾದ ತಗಡನ್ನೇ ಕಾಯಿಸಿದ ಪಾದರಸದ ಆವಿಯ ಮೇಲೆ ಹಿಡಿದಾಗ, ಮನೆ ಮರ ಬೀದಿಗಳು ಎಲ್ಲಿಂದಲೋ ಎದ್ದು ಬಂದಂತೆ ಮೂಡುತ್ತಿದ್ದುವು. ಬಿಂಬವು ಮೊದಲೇ ಅಲ್ಲಿದ್ದು, ಕಾಣದೆ ಸುಪ್ತವಾಗಿದ್ದು, ಬೇರೊಂದು ಸಂಸ್ಕಾರವು ದೊರೆತ ಮೇಲೆ ಮಾತ್ರ ಪ್ರಕಟವಾಗುವುದೆಂಬ ಈ ತಿಳಿವೇ ದಾಗೇರನ ಶೋಧದ ಹೃದಯ.

ಬೆಳಕಿಗೆ ತೆರೆದಿಡಬೇಕಾದ ಅವಧಿ ಹಲವು ನಿಮಿಷಗಳಷ್ಟಿದ್ದಿತು. ನಾಟಕಶಾಲೆಗಳಿಂದಲೂ ಕಾಫಿಮನೆಗಳಿಂದಲೂ ಕಿಕ್ಕಿರಿದಿದ್ದ ಆ ಬೀದಿಯಲ್ಲಿ ಓಡಾಡುತ್ತಿದ್ದ ಗಾಡಿ, ಕುದುರೆ, ಜನ ಯಾವುದೂ ತಗಡಿನ ಮೇಲೆ ಗುರುತು ಬಿಡುವಷ್ಟು ಹೊತ್ತು ಒಂದೆಡೆ ನಿಲ್ಲಲಿಲ್ಲವಾಗಿ, ಪಟದಲ್ಲಿ ಬೀದಿಯು ಪ್ರಳಯಾನಂತರದ ನಗರದಂತೆ ನಿರ್ಜನವಾಗಿದೆ. ಉಳಿದವನು ನಿಂತವನೊಬ್ಬನೇ. ಅವನ ಕಾಲ ಬಳಿ ಕುಳಿತು ದುಡಿಯುತ್ತಿದ್ದವನು, ಕೈ ಆಡಿಸುತ್ತಲೇ ಇದ್ದುದರಿಂದ, ಕರಿಯ ಕಲೆಯಂತೆ ಅಸ್ಪಷ್ಟನಾಗಿದ್ದಾನೆ. ಸೇವೆ ಪಡೆಯುತ್ತಿದ್ದವನಿಗೆ ರೂಪವೂ ಸೇವೆ ಮಾಡುತ್ತಿದ್ದವನಿಗೆ ಮಸುಕೂ ದಕ್ಕಿದ ಈ ಸಂಗತಿಯಲ್ಲಿ ಯಾರ ಪಕ್ಷಪಾತವೂ ಇಲ್ಲ. ಆದರೂ ಭೂತಗನ್ನಡಿ ಹಿಡಿದು ಆ ಮೂಲೆಯನ್ನು ನೋಡುವಾಗಲೆಲ್ಲ ನನ್ನ ಕಣ್ಣು, ಸ್ಪಷ್ಟನಾಗಿ ನಿಂತವನನ್ನು ಬಿಟ್ಟು, ಕುಳಿತವನ ಮೇಲೆಯೇ ಹೋಗಿ ನಿಲ್ಲುತ್ತದೆ.

ದಾಗೇರನು ಈ ಮನುಷ್ಯನನ್ನು ಗುರಿಯಿಟ್ಟು ಚಿತ್ರಿಸಿದನೆಂದು ಹೇಳುವಂತಿಲ್ಲ. ಆತನಿಗೆ ಬೇಕಾಗಿದ್ದುದು ಬೀದಿಯ ನೋಟ. ಮನುಷ್ಯನು ಅದರೊಳಗೆ ತಾನಾಗಿ ಸಿಕ್ಕಿದವನು. ಅವನನ್ನು ಕಂಡು ಬರೆದಿಟ್ಟವರಲ್ಲಿ ಮೊದಲಿಗನಾಗಿ ನಾವು ನೆನೆಯಬೇಕಾದವನು ಅಮೆರಿಕದ ಸ್ಯಾಮುಯೆಲ್ ಮೋರ್ಸ್. ತಂತಿವಾರ್ತೆಯ ಸಂಕೇತಕ್ಕೆ ತನ್ನ ಹೆಸರು ಕೊಟ್ಟ ಈತನು ವೃತ್ತಿಯಿಂದ ಚಿತ್ರಕಾರನೂ ಆಗಿದ್ದನು. 1839ರ ಮಾರ್ಚಿಯಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ದಾಗೇರನ ತಗಡುಗಳನ್ನು ನೋಡಿ, ತನ್ನ ಸೋದರರಿಗೆ ಬರೆದ ಓಲೆಯಲ್ಲಿ, ಚಲಿಸುವುದೇನೂ ಪಟಕ್ಕೆ ಹತ್ತದೆಂಬುದನ್ನು ವಿವರಿಸುತ್ತ, ಬೀದಿಯೆಲ್ಲ ಬರಿದಾಗಿದ್ದರೂ ಬೂಟು ಉಜ್ಜಿಸಿಕೊಳ್ಳುತ್ತಿದ್ದ ಒಬ್ಬನು ಮಾತ್ರ ಉಳಿದನೆಂದೂ, ಅವನ ಕಾಲುಗಳು ಸ್ಪಷ್ಟವಾಗಿದ್ದು ತಲೆ ಮೈಗಳು ಅಲುಗಾಡಿದ್ದರಿಂದ ಕಾಣದಾದುವೆಂದೂ ತಿಳಿಸಿದನು. ಆ ಓಲೆಯು ನ್ಯೂಯಾರ್ಕಿನ ಪತ್ರಿಕೆಯಲ್ಲಿ ಅಚ್ಚಾಯಿತು. ಮೋರ್ಸನು ತಗಡುಗಳನ್ನು ನೋಡಿದ ಮರುದಿನ, ಅಂದರೆ ಮಾರ್ಚಿ 8ರಂದು, ದಾಗೇರನು ಮೋರ್ಸನ ತಂತಿಯಂತ್ರವನ್ನು ನೋಡಲು ಅವನ ಬಿಡಾರಕ್ಕೆ ಹೋಗಿದ್ದ ವೇಳೆಯಲ್ಲಿಯೇ ದಿಯೋರಾಮ ಕಟ್ಟಡವು ಬೆಂಕಿಗೆ ತುತ್ತಾಯಿತು. ಬೀದಿಯ ಆ ತಗಡು ಉಳಿದುಕೊಂಡುದು ನಮ್ಮ ಭಾಗ್ಯ.

ಪಟವೊಂದರಲ್ಲಿ ಅಡಗಿದ ಆಳವೆಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದರ ಲಕ್ಷಣವೆಲ್ಲ ಈ ಮೊದಲನೆಯ ಪ್ರಸಂಗದಲ್ಲಿಯೇ ಇದೆಯೆಂದು ನನ್ನ ನಂಬಿಕೆ. ತೆಗೆದವನು ಉದ್ದೇಶಿಸದ ಒಂದು ವಸ್ತು ಬೀದಿಯ ಕೃಪೆಯಿಂದ ಒಳಬಂದು ಕೂರುತ್ತದೆ. ಮತ್ತೊಬ್ಬನು, ಕೆಲವೊಮ್ಮೆ ಬಹುಕಾಲದ ಮೇಲೆ, ಸಾವಧಾನದಿಂದ ನೋಡಿದಾಗ ಅದು ಪ್ರಕಟವಾಗುತ್ತದೆ. ಕ್ಷಣಚಿತ್ರಕ್ಕೆ ಇಂಗ್ಲಿಷಿನವರು ಹೇಳುವ ಸ್ನ್ಯಾಪ್‌ಶಾಟ್ ಎಂಬ ಮಾತು ಬೇಟೆಗಾರರ ಭಾಷೆಯಿಂದ ಬಂದುದು. ಗುರಿ ನೋಡುವ ವ್ಯವಧಾನವಿಲ್ಲದೆ ತಟಕ್ಕನೆ ಹಾರಿಸಿದ ಗುಂಡಿಗೆ ಆ ಹೆಸರು. ನಮ್ಮ ಜನರಾದರೋ ಪಟವನ್ನು ತೆಗೆಯುತ್ತಾರೆ. ಮೊಸರಿನಿಂದ ಬೆಣ್ಣೆ ತೆಗೆದಂತೆ, ಗಾಣದಲ್ಲಿ ಎಣ್ಣೆ ತೆಗೆದಂತೆ, ಒಳಗಿದ್ದುದನ್ನು ಹೊರಕ್ಕೆ ತರುವ ಕ್ರಿಯೆಯದು. ಈ ಮಾತನ್ನು ಮೊದಲು ಆಡಿದವರು ಇಷ್ಟೆಲ್ಲ ಯೋಚಿಸಿರಲಾರರು. ಆದರೂ ಬೀದಿಯ ಛಾಯಾಚಿತ್ರಕ್ಕೆ ಬೇಟೆಯ ಮಾತಿಗಿಂತ ನಮ್ಮ ಮಾತೇ ಹೆಚ್ಚು ಒಪ್ಪುವುದೆಂದು ನನಗೆ ತೋರುತ್ತದೆ.

ದಾಗೇರನ ಅನಂತರದ ಐವತ್ತು ವರ್ಷಗಳನ್ನು ಇಲ್ಲಿ ಬೇಗನೆ ದಾಟಬಹುದು. 1851ರ ಸುಮಾರಿಗೆ ಶಾರ್ಲ್ ನೇಗ್ರ್ ಎಂಬಾತನು ಸೇನ್ ನದಿಯ ದಂಡೆಯಲ್ಲಿ ನಡೆದುಹೋಗುತ್ತಿರುವ ಹೊಗೆಗೂಡು ಗುಡಿಸುವವರನ್ನು ಚಿತ್ರಿಸಿದನು. ಆದರೆ ಅವರು ನಡೆಯುವ ಭಂಗಿಯಲ್ಲಿ ನಿಂತವರೇ ಇರಬೇಕೆಂದು ಊಹಿಸಲಾಗಿದೆ. ಬ್ಯಾರನ್ ಓಸ್ಮಾನನು ಚಕ್ರವರ್ತಿಯ ಅಪ್ಪಣೆಯಂತೆ ಹಳೆಯ ಪ್ಯಾರಿಸ್ಸನ್ನು ಕೆಡವಿ ನೇರವಾದ ಹೊಸ ಬೀದಿಗಳನ್ನು ಎಳೆಯುತ್ತಿದ್ದಾಗ, ಅಳಿಯಲಿದ್ದ ಓಣಿಗಳನ್ನು ದಾಖಲಿಸಲು ನಗರಸಭೆಯು ಶಾರ್ಲ್ ಮಾರ್ವಿಲ್ಲನನ್ನು ನಿಯಮಿಸಿತು. ಬೂಟಿನವನು ನಿಂತಿದ್ದ ಬೀದಿಯ ನಾಟಕಶಾಲೆಗಳ ಸಾಲು ಕೂಡ 1862ರಲ್ಲಿ ಆ ಹಾರೆಗಳಿಗೆ ಬಲಿಯಾಯಿತು.

ಬೀದಿಯ ಪಟದ ಇತಿಹಾಸದಲ್ಲಿ ಯಾರ ಬಳಿ ಹೆಚ್ಚು ಹೊತ್ತು ಕುಳಿತಿರಬೇಕೆಂದು ನನ್ನನ್ನು ಕೇಳಿದರೆ, ಯೂಜೀನ್ ಆಜೇ ಎಂಬ ಹೆಸರನ್ನು ಹೇಳುತ್ತೇನೆ. 1857ರಲ್ಲಿ ಲಿಬೂರ್ನ್ ಎಂಬ ಊರಿನಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಹಡಗಿನಲ್ಲಿ ದುಡಿದು, ಆಮೇಲೆ ಸಂಚಾರಿ ನಾಟಕ ಮಂಡಲಿಗಳಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ಕಟ್ಟಿ, ಅದೂ ಕೈಗೂಡದೆ, ನಡುವಯಸ್ಸಿಗೆ ಕಾಲಿಡುತ್ತ ಕ್ಯಾಮೆರಾ ಹಿಡಿದವನೀತನು. ಬಾಗಿಲಿಗೆ ಹಾಕಿಕೊಂಡಿದ್ದ ಫಲಕದಲ್ಲಿ, ಕಲಾವಿದರಿಗೆ ಬೇಕಾದ ದಾಖಲೆಗಳು ಇಲ್ಲಿ ದೊರೆಯುವುವೆಂಬಷ್ಟೇ ಅರ್ಥದ ಬರಹವಿದ್ದಿತು. ಚಿತ್ರಕಾರನಿಗೆ ಬಾಗಿಲ ಕೆತ್ತನೆ ಬೇಕೇ, ಶಿಲ್ಪಿಗೆ ಕಾರಂಜಿಯ ಕಂಬ ಬೇಕೇ, ನಾಟಕದ ಪರದೆ ಬರೆಯುವವನಿಗೆ ಹಳೆಯ ಅಂಗಡಿಬೀದಿ ಬೇಕೇ, ಆತನಲ್ಲಿ ಕೊಳ್ಳಬಹುದಾಗಿದ್ದಿತು. ಮರದ ದೊಡ್ಡ ಕ್ಯಾಮೆರಾ, ಮುಕ್ಕಾಲಿ, 18ಕ್ಕೆ 24 ಸೆಂಟಿಮೀಟರಿನ ಗಾಜಿನ ಫಲಕಗಳು, ಇಷ್ಟನ್ನು ಹೊತ್ತು, ಜನಸಂಚಾರಕ್ಕೆ ಮುನ್ನ ನಸುಕಿನಲ್ಲಿಯೇ ಹೊರಟು, ಮೂವತ್ತು ವರ್ಷಗಳ ಕಾಲ ಆತನು ಆ ನಗರದ ಬೀದಿಗಳನ್ನು ತುಳಿದನು. ಮಸೂರವನ್ನು ಮೇಲಕ್ಕೆ ಸರಿಸಿ ಎತ್ತರದ ಮನೆಗಳನ್ನು ಹಿಡಿಯುತ್ತಿದ್ದುದರಿಂದ ಆತನ ಹಲವು ಪಟಗಳ ಮೇಲಿನ ಮೂಲೆಗಳು ಕಪ್ಪಾಗಿ ದುಂಡಾಗಿವೆ. ಅದನ್ನು ಕತ್ತರಿಸಿ ತಿದ್ದುವ ಗೊಡವೆಗೆ ಆತನು ಹೋಗಲಿಲ್ಲ.

ಸಣ್ಣ ಕಸುಬಿನವರನ್ನು ಆಜೇ 1898ರಿಂದ ಮೊದಲುಗೊಂಡು ಒಂದು ಮಾಲಿಕೆಯಾಗಿ ತೆಗೆದನು. ದೀಪದ ಮರೆಗಳನ್ನು ಮಾರುವವನು, ಕೊಡೆ ಮಾರುವವನು, ಚಾಕು ಸಾಣೆ ಹಿಡಿಯುವವನು, ತಿರುಗಣೆಯ ವಾದ್ಯವನ್ನು ತಿರುಗಿಸುತ್ತ ನಿಂತ ಗಡ್ಡದ ಮುದುಕ, ಅವನ ಪಕ್ಕದಲ್ಲಿ ಮುಖವೆತ್ತಿ ನಗುತ್ತಿರುವ ಪುಟ್ಟ ಹಾಡುಗಾರ್ತಿ. ದೊಡ್ಡ ಅಂಗಡಿಗಳು ತಲೆಯೆತ್ತುತ್ತಿದ್ದ ಕಾಲದಲ್ಲಿ ಅಳಿವಿನಂಚಿನಲ್ಲಿದ್ದ ಕಸುಬುಗಳಿವು. ಕೊಳ್ಳುವವರಿಗೆ ಇವರು ಒಂದೊಂದು ಮಾದರಿ ಮಾತ್ರ. ಆದರೆ ಆ ಹಾಡುಗಾರ್ತಿಯ ನಗುವನ್ನು ಒಮ್ಮೆ ನೋಡಿದವರು ಅದನ್ನು ಮಾದರಿಯೆಂದು ಕರೆಯಲಾರರು. ಕುಳ್ಳಗೆ, ಹರಕು ಬಟ್ಟೆಯ ಆ ಹೆಂಗಸು ಯಾವ ಮಹಡಿಯ ಕಿಟಕಿಯನ್ನು ನೋಡಿ ಹಾಗೆ ಬೆಳಗುತ್ತಿದ್ದಳೋ, ಅಲ್ಲಿಂದ ಕಾಸೊಂದು ಬಿದ್ದಿತೋ ಇಲ್ಲವೋ, ಪಟವು ಹೇಳದು. ಅಷ್ಟು ಪೂರ್ಣವಾದ ಸಂತೋಷವು ಅಷ್ಟು ಬಡವಾದ ಅಂಗಳದಲ್ಲಿ ಒಂದು ಕ್ಷಣ ನಿಂತಿದ್ದಿತೆಂಬುದನ್ನು ಮಾತ್ರ ಅದು ಪ್ರಮಾಣೀಕರಿಸುತ್ತದೆ.

1920ರಲ್ಲಿ ಆಜೇ ತನ್ನ ಫಲಕಗಳಲ್ಲಿ 2,621ನ್ನು ಫ್ರೆಂಚ್ ಸರ್ಕಾರದ ಸ್ಮಾರಕ ಇಲಾಖೆಗೆ 10,000 ಫ್ರಾಂಕುಗಳಿಗೆ ಮಾರಿದನು. ಮುಪ್ಪಿನಲ್ಲಿ ಹಣದ ಚಿಂತೆ ಸ್ವಲ್ಪ ತಗ್ಗಲಾಗಿ, ತನಗೆ ಬೇಕಾದುದನ್ನು ತೆಗೆಯತೊಡಗಿದನು. ಗೊಬ್ಲೆನ್ ಬೀದಿಯ ಅಂಗಡಿಗಾಜುಗಳನ್ನು 1925ರಲ್ಲಿ ತೆಗೆದ ಪಟಗಳು ಆ ಕಾಲದವು. ಬೆಲೆಚೀಟಿ ಅಂಟಿಸಿದ ಉಡುಪು ತೊಟ್ಟು ಗಾಜಿನ ಹಿಂದೆ ನಗುತ್ತ ನಿಂತ ಬೊಂಬೆಗಳು. ಗಾಜಿನ ಮೇಲೆ ಎದುರಿನ ಕಟ್ಟಡದ ಮತ್ತು ಮರಗಳ ನೆರಳು. ಯಾವುದು ಒಳಗಿನದು, ಯಾವುದು ಹೊರಗಿನದು, ಜೀವವಿರುವುದು ಯಾವುದು, ಬರಿಯ ಬಿಂಬ ಯಾವುದು ಎಂಬುದು ಕ್ಷಣಕಾಲ ತಿಳಿಯದಂತೆ ಎರಡು ಲೋಕಗಳು ಒಂದೇ ಹಾಳೆಯಲ್ಲಿ ಬೆರೆತಿವೆ. ಬಣ್ಣದ ಕುಂಚ ಹಿಡಿದವರು ಬಹು ಪ್ರಯಾಸದಿಂದ ಸಾಧಿಸಬೇಕಾದ ಈ ಮಿಶ್ರಣವನ್ನು ಬೀದಿಯ ಗಾಜು ಪ್ರತಿದಿನವೂ ಬಿಟ್ಟಿಯಾಗಿ ಮಾಡುತ್ತಿದ್ದಿತು, ಆದರೆ ನಿಂತು ನೋಡುವವರಿರಲಿಲ್ಲ.

ಆಜೇ ವಾಸವಾಗಿದ್ದ ಕಂಪಾನ್ಯ್ ಪ್ರೆಮಿಯೇರ್ ಎಂಬ ಬೀದಿಯಲ್ಲಿಯೇ, ಕೆಲವೇ ಬಾಗಿಲುಗಳಾಚೆಗೆ, ಅಮೆರಿಕದಿಂದ ಬಂದ ಮ್ಯಾನ್ ರೇ ಎಂಬ ನವ್ಯ ಕಲಾವಿದನ ಚಿತ್ರಶಾಲೆಯಿದ್ದಿತು. ಮುದುಕನಿಂದ ಪಟಗಳನ್ನು ಕೊಂಡು ನೋಡಿದ ಆತನು, ಅವುಗಳಲ್ಲಿ ಒಂದನ್ನು 1926ರಲ್ಲಿ ಸರ್ರಿಯಲಿಸ್ಟರ ಪತ್ರಿಕೆಯ ಮುಖಪುಟಕ್ಕೆ ಹಾಕಿಸಿದನು. 1912ರ ಏಪ್ರಿಲ್ 17ರಂದು ಬಾಸ್ತೀಯ್ ಚೌಕದಲ್ಲಿ ಗುಂಪುಗೂಡಿದ ಜನ, ಕಣ್ಣಿಗೆ ಕಪ್ಪುಗಾಜು ಹಿಡಿದು, ಸೂರ್ಯಗ್ರಹಣವನ್ನು ನೋಡುತ್ತಿರುವ ಪಟ ಅದು. ತೆಗೆದವನಿಗೆ ಅದು ನಗರದಲ್ಲಿ ನಡೆದ ಒಂದು ಘಟನೆಯ ದಾಖಲೆ. ಪತ್ರಿಕೆಯವರಿಗಾದರೋ, ಪಟದೊಳಗೆ ಎಲ್ಲಿಯೂ ಕಾಣದ ಒಂದು ವಸ್ತುವಿನತ್ತ ಒಂದೇ ಭಂಗಿಯಲ್ಲಿ ಮುಖವೆತ್ತಿದ ಆ ಜನಸ್ತೋಮ ಕನಸಿನ ದೃಶ್ಯವಾಗಿ ಕಂಡಿತು. ತನ್ನ ಹೆಸರನ್ನು ಹಾಕಕೂಡದೆಂದೂ ತಾನು ಮಾಡುವುದು ಕೇವಲ ದಾಖಲೆಗಳೆಂದೂ ಆಜೇ ಹೇಳಿದನಂತೆ. ಇದನ್ನು ಬರಿಯ ವಿನಯವೆಂದು ನಾನು ಎಣಿಸುವುದಿಲ್ಲ. ದಾಖಲೆಯೆಂಬ ಮಾತನ್ನು ಆತನು ಅಷ್ಟು ದೊಡ್ಡದಾಗಿ ತಿಳಿದಿದ್ದನು.

ಮ್ಯಾನ್ ರೇಯ ಸಹಾಯಕಿಯಾಗಿದ್ದ ಬೆರೆನಿಸ್ ಆಬಟ್ ಎಂಬ ತರುಣಿಯು 1927ರಲ್ಲಿ ಆಜೇಯನ್ನು ತನ್ನ ಚಿತ್ರಶಾಲೆಗೆ ಕರೆಸಿ ಪಟ ತೆಗೆದಳು. ಅಚ್ಚು ಮಾಡಿದ ಪ್ರತಿಗಳನ್ನು ತೋರಿಸಲೆಂದು ಆತನ ಮನೆಯ ಮೆಟ್ಟಿಲು ಹತ್ತಿ ಹೋದಾಗ ಆತನು ತೀರಿಕೊಂಡಿದ್ದನು. ಅದು ಆ ವರ್ಷದ ಆಗಸ್ಟ್ ತಿಂಗಳು. ಉಳಿದಿದ್ದ ಫಲಕಗಳನ್ನೂ ಸಾವಿರಾರು ಪ್ರತಿಗಳನ್ನೂ ಕೊಳ್ಳಲು ಆಕೆ ಹಣವನ್ನು ಹೊಂದಿಸಿ, ಅವನ್ನು ಅಮೆರಿಕಕ್ಕೆ ಒಯ್ದು, ನಾಲ್ಕು ದಶಕಗಳ ಕಾಲ ಕಾಪಾಡಿ, ಕೊನೆಗೆ 1968ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಒಪ್ಪಿಸಿದಳು. ತಾನೇ ದೊಡ್ಡ ಕಲಾವಿದೆಯಾದ ಹೆಣ್ಣೊಬ್ಬಳು ಇನ್ನೊಬ್ಬನ ಗಾಜಿನ ಫಲಕಗಳಿಗಾಗಿ ಇಷ್ಟು ವರ್ಷಗಳನ್ನು ಧಾರೆಯೆರೆದುದು ಕಲೆಯ ಚರಿತ್ರೆಯಲ್ಲಿ ವಿರಳವಾದ ಸಂಗತಿ. ಆಕೆಯಿಲ್ಲದಿದ್ದರೆ ಹಾಡುಗಾರ್ತಿಯ ನಗುವು ನಮ್ಮವರೆಗೆ ಬರುತ್ತಿದ್ದಿತೇ ಎಂಬುದು ಸಂದೇಹ. ಆಜೇಯ ನಿರ್ಜನ ಬೀದಿಗಳನ್ನು ಕುರಿತು ಜರ್ಮನಿಯ ವಿಮರ್ಶಕ ವಾಲ್ಟರ್ ಬೆಂಜಮಿನ್ 1931ರಲ್ಲಿ ಬರೆಯುತ್ತ, ಅವು ಅಪರಾಧ ನಡೆದ ಸ್ಥಳದ ಪಟಗಳಂತೆ ಇವೆಯೆಂಬ ವಿಮರ್ಶೆಯನ್ನು ಪ್ರಸಿದ್ಧಗೊಳಿಸಿದನು. ಈ ಹೋಲಿಕೆಯಲ್ಲಿ ಸತ್ಯವಿದೆ, ಏಕೆಂದರೆ ಅಂತಹ ಪಟದಲ್ಲಿ ಯಾವ ಸಣ್ಣ ಗುರುತೂ ನಿರರ್ಥಕವಲ್ಲ. ಆದರೂ ನನ್ನ ಮನಸ್ಸಿಗೆ ಬರುವ ಹೋಲಿಕೆ ಬೇರೆ: ಮನೆಮಂದಿ ಏಳುವ ಮುನ್ನ ಗುಡಿಸಿಟ್ಟ ಅಂಗಳದಂತೆ ಆ ಬೀದಿಗಳು ಯಾರದೋ ಬರವನ್ನು ಕಾಯುತ್ತಿವೆ.

ಅಷ್ಟರೊಳಗೆ ಯಂತ್ರವು ಕೈಯೊಳಗಿನ ವಸ್ತುವಾಗಿದ್ದಿತು. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ನನು ನೂರು ಪಟಗಳ ಸುರುಳಿ ತುಂಬಿದ ಕೊಡ್ಯಾಕ್ ಪೆಟ್ಟಿಗೆಯನ್ನೂ 1900ರಲ್ಲಿ ಒಂದು ಡಾಲರಿನ ಬ್ರೌನಿಯನ್ನೂ ಮಾರುಕಟ್ಟೆಗೆ ತಂದನು. ಸಿನಿಮಾ ಫಿಲ್ಮಿನ ತುಂಡಿನ ಮೇಲೆ 24ಕ್ಕೆ 36 ಮಿಲಿಮೀಟರಿನ ಬಿಂಬವನ್ನು ಹಿಡಿಯುವಂತೆ ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾ 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಪ್ರಕಟವಾಯಿತು. ನಿಂತವನು ಮಾತ್ರ ಉಳಿಯುತ್ತಿದ್ದ ಕಾಲ ಮುಗಿದು, ಓಡುವವನೂ ಹಾರುವವನೂ ಉಳಿಯುವ ಕಾಲ ಬಂದಿತು.

ಹಾರಿದವನು 1932ರಲ್ಲಿ ಸಿಕ್ಕಿದನು. ಸಾಂ ಲಜಾರ್ ರೈಲುನಿಲ್ದಾಣದ ಹಿಂದೆ, ಮಳೆನೀರು ನಿಂತ ಬಯಲಿನ ಸುತ್ತ ಹಲಗೆಯ ಬೇಲಿಯಿದ್ದಿತು. ಇಪ್ಪತ್ತನಾಲ್ಕರ ಪ್ರಾಯದ ಆನ್ರಿ ಕಾರ್ತಿಯೇ ಬ್ರೆಸಾನ್ ಹಲಗೆಗಳ ಸಂದಿಯಲ್ಲಿ ತನ್ನ ಲೈಕಾದ ಮಸೂರವನ್ನು ತೂರಿಸಿ ಗುಂಡಿಯೊತ್ತಿದನು. ಹ್ಯಾಟು ತೊಟ್ಟ ಒಬ್ಬನು ನೀರಲ್ಲಿ ಚಾಚಿ ಬಿದ್ದಿದ್ದ ಏಣಿಯಿಂದ ಚಿಮ್ಮಿ ಹಾರಿದ್ದಾನೆ. ಅವನ ಹಿಮ್ಮಡಿ ಇನ್ನೂ ನೀರನ್ನು ಮುಟ್ಟಿಲ್ಲ. ಕೆಳಗೆ ಅವನ ಪ್ರತಿಬಿಂಬವು ಅವನನ್ನು ಎದುರುಗೊಳ್ಳಲು ಸಿದ್ಧವಾಗಿದೆ. ಇಷ್ಟು ಮೊದಲನೆಯ ನೋಟ. ಪಟವನ್ನು ಬದಿಗಿಟ್ಟು, ಮರುದಿನ ಮತ್ತೆ ನೋಡಿದರೆ, ಹಿಂದಿನ ಗೋಡೆಯ ಮೇಲೆ ಅಂಟಿಸಿದ ಜಾಹೀರಾತಿನಲ್ಲಿ ನರ್ತಿಸುವ ಆಕೃತಿಯೊಂದು ಅದೇ ಭಂಗಿಯಲ್ಲಿ, ವಿರುದ್ಧ ದಿಕ್ಕಿಗೆ, ಹಾರುತ್ತಿರುವುದು ಕಣ್ಣಿಗೆ ಬೀಳುತ್ತದೆ. ಅದರ ಪಕ್ಕದಲ್ಲಿ ಬ್ರೈಲೋವ್‌ಸ್ಕಿ ಎಂಬ ಪಿಯಾನೋ ವಾದಕನ ಕಛೇರಿಯ ಪ್ರಕಟಣೆ, ಮೊದಲಕ್ಷರವನ್ನು ಕಳೆದುಕೊಂಡು, ರೈಲೋವ್‌ಸ್ಕಿ ಎಂದು ರೈಲುನಿಲ್ದಾಣದ ಬೆನ್ನಿಗೆ ಬರೆದಂತೆ ನಿಂತಿದೆ. ಇನ್ನೂ ಹಿಂದೆ, ಕಂಬಿಬೇಲಿಯ ಬಳಿ, ಹಾರಿದವನ ಕಡೆಗೆ ಲಕ್ಷ್ಯವೇ ಇಲ್ಲದೆ ಒಬ್ಬನು ನಿಂತಿದ್ದಾನೆ. ನೀರಿನಲ್ಲಿ ಬಿದ್ದ ಕಮಾನುಗಳ ಮುರುಕುಗಳು ಮುಂದೆ ಏಳಲಿರುವ ಅಲೆಯ ವೃತ್ತಗಳನ್ನು ಮೊದಲೇ ಬರೆದಿಟ್ಟಿವೆ.

ಇವೆಲ್ಲವನ್ನೂ ತೆಗೆದವನು ನೋಡಿ ತೆಗೆದನೇ? ಹಲಗೆಯ ಸಂದು ಕಿರಿದಾಗಿದ್ದು ತನಗೆ ಸರಿಯಾಗಿ ಕಾಣಿಸುತ್ತಿರಲಿಲ್ಲವೆಂದೂ, ಅದು ಅದೃಷ್ಟವೆಂದೂ ಆತನೇ ಮುಪ್ಪಿನಲ್ಲಿ ಹೇಳಿಕೊಂಡಿದ್ದಾನೆ. ಪಟವನ್ನು ಕತ್ತರಿಸುವುದನ್ನು ಒಪ್ಪದ ಆತನು ಇದರಲ್ಲಿ ಎಡಗಡೆಗೆ ಅಡ್ಡ ಬಂದ ಹಲಗೆಯನ್ನು ಕತ್ತರಿಸಬೇಕಾಯಿತು. ತಾನು ನೋಡದೆ ಇದ್ದುದನ್ನು ತನ್ನದೆಂದು ಹೇಳಿಕೊಳ್ಳದ ಈ ಪ್ರಾಮಾಣಿಕತೆ ದೊಡ್ಡದು. ಕಂಡವರು ಕಟ್ಟಿ ಹೇಳುವ ಅರ್ಥಗಳು ಪಟದಲ್ಲಿ ನಿಜಕ್ಕೂ ಇವೆಯೇ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇಷ್ಟೇ: ಜಾಹೀರಾತಿನ ನರ್ತಕಿ ಅಲ್ಲಿ ಇದ್ದಾಳೆ, ಅವಳನ್ನು ಯಾರೂ ಕಲ್ಪಿಸಲಿಲ್ಲ. ಇಲ್ಲದುದನ್ನು ಹೊರಿಸುವುದು ಬೇರೆ, ಇರುವುದನ್ನು ಎಣಿಸುವುದು ಬೇರೆ. ಬೀದಿಯ ಪಟವನ್ನು ಓದುವವನು ಎರಡನೆಯದಕ್ಕೆ ಕಟ್ಟುಬಿದ್ದಿರಬೇಕು.

1952ರಲ್ಲಿ ಆತನ ಚಿತ್ರಗಳ ದೊಡ್ಡ ಗ್ರಂಥವು ಚಿತ್ರಕಾರ ಮಾತೀಸ್ ರಚಿಸಿದ ರಕ್ಷಾಪುಟದೊಡನೆ ಹೊರಬಂದಿತು. ನಿರ್ಣಾಯಕ ಕ್ಷಣವೆಂಬ ಅರ್ಥದ ಇಂಗ್ಲಿಷ್ ಹೆಸರೇ ಜಗತ್ತಿನಲ್ಲಿ ಹಬ್ಬಿತು. ಫ್ರೆಂಚ್ ಹೆಸರಿನಲ್ಲಿರುವ ಸೊವೆತ್ ಎಂಬ ಮಾತಿನ ಬಳಕೆಯಾದರೋ ಬೀದಿಯದು. ಪರವಾನಗಿಯಿಲ್ಲದೆ ಸರಕು ಹರಡಿ, ಪೊಲೀಸರು ಕಂಡೊಡನೆ ಗಂಟು ಕಟ್ಟಿ ಓಡಲು ಸಿದ್ಧನಾಗಿರುವ ವ್ಯಾಪಾರಿಯ ರೀತಿಯನ್ನು ಅದು ಸೂಚಿಸುತ್ತದೆ. ಆಜೇಯ ಕೊಡೆಮಾರುವವನಿಗೂ ದಾಗೇರನ ಪಟದ ಪಾಲಿಷಿನವನಿಗೂ ಈ ಹೆಸರು ಬಂಧು. ಇಂಗ್ಲಿಷ್ ಹೆಸರಿನ ಗಾಂಭೀರ್ಯದಲ್ಲಿ ಆ ಬಂಧುತ್ವವು ಕಳೆದುಹೋದುದು ವಿಷಾದಕರ.

ಎರಡನೆಯ ನೋಟದ ಈ ಕಥೆಯಲ್ಲಿ ನಮ್ಮ ದೇಶಕ್ಕೆ ಸೇರಿದ ಒಂದು ಪ್ರಸಂಗವುಂಟು. 1948ರ ಜನವರಿ 30ರ ಮಧ್ಯಾಹ್ನ ದೆಹಲಿಯ ಬಿರ್ಲಾ ಭವನದಲ್ಲಿ ಕಾರ್ತಿಯೇ ಬ್ರೆಸಾನ್ ಗಾಂಧೀಜಿಯವರನ್ನು ಕಂಡು, ತನ್ನ ಚಿತ್ರಗಳ ಪುಸ್ತಕವನ್ನು ಅವರ ಕೈಗೆ ಕೊಟ್ಟನು. ಒಂದೊಂದೇ ಪುಟವನ್ನು ನಿಧಾನವಾಗಿ ತಿರುವಿದ ಗಾಂಧೀಜಿ, ಪಾಲ್ ಕ್ಲೋದೆಲ್ ಎಂಬ ಕವಿಯೂ ಅವನ ಹಿಂದೆ ದಾರಿಯಲ್ಲಿ ನಿಂತ ಶವವಾಹನವೂ ಕಾಣುವ ಪಟದ ಬಳಿ ತಡೆದು, ಇದರ ಅರ್ಥವೇನೆಂದು ಕೇಳಿದರೆಂದೂ, ಹೇಳಿದುದನ್ನು ಕೇಳಿ ಮರಣವೆಂಬ ಮಾತನ್ನು ಮೂರು ಸಲ ಮೆಲ್ಲನೆ ಉಚ್ಚರಿಸಿದರೆಂದೂ ಆತನು ನೆನೆದಿದ್ದಾನೆ. ಆತನು ಅಲ್ಲಿಂದ ಹೊರಟ ಸ್ವಲ್ಪ ಹೊತ್ತಿಗೆಲ್ಲ, ಪ್ರಾರ್ಥನೆಗೆ ಹೋಗುವ ದಾರಿಯಲ್ಲಿ, ಗಾಂಧೀಜಿಯವರು ಗುಂಡಿಗೆ ಬಲಿಯಾದರು. ಆ ಪಟವು ಇಂದು ನಮಗೆ ಕಾಣುವ ಬಗೆಯೇ ಬೇರೆ. ಅದನ್ನು ತೆಗೆದಾಗ ಅದರೊಳಗೆ ಆ ಸಂಜೆ ಇರಲಿಲ್ಲ, ಈಗ ಇದೆ.

ಬುಲೆವಾರ್ ದ್ಯು ಟಾಂಪ್ಲ್‌ನ ತಗಡನ್ನು ದಾಗೇರನು 1839ರಲ್ಲಿ, ಇನ್ನೆರಡು ತಗಡುಗಳೊಡನೆ ಒಂದೇ ಚೌಕಟ್ಟಿನಲ್ಲಿ ಕೂಡಿಸಿ, ಬವೇರಿಯದ ದೊರೆ ಒಂದನೆಯ ಲೂಡ್ವಿಗನಿಗೆ ಕಾಣಿಕೆಯಾಗಿ ಕಳುಹಿಸಿದನು. ಅದು ಮ್ಯೂನಿಕ್ ನಗರದ ಸಂಗ್ರಹಾಲಯವನ್ನು ಸೇರಿತು. ಆ ವಿಧಾನದಲ್ಲಿ ಒಂದು ತಗಡಿಗೆ ಒಂದೇ ಬಿಂಬ, ಅಚ್ಚು ಹಾಕುವ ಮಾರ್ಗವೇ ಇಲ್ಲ. 1930ರ ದಶಕದಲ್ಲಿ ಬೋಮಾಂಟ್ ನ್ಯೂಹಾಲ್ ಎಂಬ ಅಮೆರಿಕದ ಇತಿಹಾಸಕಾರನು ಅದನ್ನು ಹುಡುಕಿ ಕಂಡು, ಅದರ ಪ್ರತಿಯನ್ನು ತೆಗೆಸಿಟ್ಟುಕೊಂಡನು. ಕೆಲವು ದಶಕಗಳ ಬಳಿಕ, ಮಸುಕಾಗಿದ್ದ ತಗಡನ್ನು ಶುಚಿಗೊಳಿಸಲು ನಡೆಸಿದ ಯತ್ನದಲ್ಲಿ ಬಿಂಬವು ಬಹುಪಾಲು ಅಳಿಸಿಹೋಯಿತು. ಪಾಲಿಷ್ ಹಾಕಿಸಿಕೊಂಡವನೂ ಹಾಕಿದವನೂ ಈಗ ಉಳಿದಿರುವುದು ನ್ಯೂಹಾಲನು ತೆಗೆಸಿದ ಆ ಪ್ರತಿಯಲ್ಲಿ.